ದಾವಣಗೆರೆಯ ಒಂದು ಬ್ರಿಡ್ಜ್ ಕೋರ್ಸ್: ಮೋಲ್ ಲೆಕ್ಕಕ್ಕೆ ಸೈ, ಪರಮಾಣು ರಚನೆಗೆ ಅರೆಬರೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಒಂದನೇ ಪಿಯುಸಿ ತರಗತಿಗಳು ಶುರುವಾಗುವವರೆಗಿನ ಬಿಡುವಿನಲ್ಲಿ ದಾವಣಗೆರೆಯ ವಿದ್ಯಾನಗರದ ಕಡೆ ನಡೆಯುವ ಬ್ರಿಡ್ಜ್ ಕೋರ್ಸ್‌ಗಳಲ್ಲಿ ಒಂದಕ್ಕೆ ನನ್ನ ಮಗಳು ಈ ಬೇಸಿಗೆಯಲ್ಲಿ ಸೇರಿದ್ದಳು. ರಸಾಯನಶಾಸ್ತ್ರದ ಮೊದಲೆರಡು ಅಧ್ಯಾಯಗಳಾದ ಮೂಲ ಪರಿಕಲ್ಪನೆಗಳು ಮತ್ತು ಪರಮಾಣುವಿನ ರಚನೆಯನ್ನು ಕಾಲೇಜು ತೆರೆಯುವ ಮೊದಲೇ ಗಟ್ಟಿ ಮಾಡಿಸುತ್ತೇವೆ ಎಂಬುದು ಇವರ ಭರವಸೆ. ಪೋಷಕರಿಗೆ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳುವ ಅವಕಾಶವಿದ್ದುದರಿಂದಲೂ, ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುವ ನನಗೆ ಸಹಜವಾಗಿಯೇ ಕುತೂಹಲವಿದ್ದುದರಿಂದಲೂ, ಎರಡೂ ಅಧ್ಯಾಯಗಳ ಪಾಠವನ್ನು ಸಾಕಷ್ಟು ಹತ್ತಿರದಿಂದ ನೋಡಿದೆ. ಇಲ್ಲಿ ಹೇಳುವ ಗುಣದೋಷಗಳು ಇಂತಹ ಹಲವು ಕೋರ್ಸ್‌ಗಳಿಗೂ ಅನ್ವಯಿಸುವುದರಿಂದ ಸಂಸ್ಥೆಯ ಹೆಸರನ್ನು ಬಿಟ್ಟಿದ್ದೇನೆ.

ಲೆಕ್ಕದ ಭಾಗವನ್ನು ಕಲಿಸುವ ಹಿರಿಯ ಉಪನ್ಯಾಸಕರು ಮೋಲ್ (ಡಜನ್‌ನಂತೆ, ಕಣಗಳನ್ನು ಎಣಿಸುವ ಬಹಳ ದೊಡ್ಡ ಅಳತೆ) ಪಾಠವನ್ನು ಸೂತ್ರದಿಂದ ಆರಂಭಿಸುವುದಿಲ್ಲ. ಅಕ್ಕಸಾಲಿಗರ ಬಳಿ ಇರುವಂತಹ ಸಣ್ಣ ಡಿಜಿಟಲ್ ತಕ್ಕಡಿಯನ್ನು ಮೇಜಿನ ಮೇಲಿಟ್ಟು, ಸಿಪ್ಪೆ ಸುಲಿದ ವಿದ್ಯುತ್ ತಂತಿಯ ಸುರುಳಿಯೊಂದನ್ನು ಅದರಲ್ಲಿ ತೂಗಿ, 4.76 ಗ್ರಾಂ ಎಂಬ ಅಂಕಿಯನ್ನು ಮಕ್ಕಳಿಂದಲೇ ಓದಿಸಿದರು. ತಾಮ್ರದ ಮೋಲಾರ್ ದ್ರವ್ಯರಾಶಿ, ಅಂದರೆ ಒಂದು ಮೋಲ್‌ನ ತೂಕ, 63.55 ಗ್ರಾಂ ಆದ್ದರಿಂದ ಅದು 0.0749 ಮೋಲ್, ಒಂದು ಮೋಲ್‌ನಲ್ಲಿರುವ ಕಣಗಳ ಲೆಕ್ಕವಾದ ಅವೊಗಾಡ್ರೊ ಸಂಖ್ಯೆಯಿಂದ ಗುಣಿಸಿದರೆ 4.51×10²² ಪರಮಾಣುಗಳು. ಒಬ್ಬ ಹುಡುಗ ಉತ್ತರವನ್ನು ಹತ್ತು ಅಂಕಿಗಳವರೆಗೆ ಬರೆದುಕೊಂಡು ಬಂದಾಗ, ತಕ್ಕಡಿಯೇ ಮೂರು ಅಂಕಿ ಕೊಟ್ಟಿರುವಾಗ ಉಳಿದ ಏಳು ಎಲ್ಲಿಂದ ಬಂದವು ಎಂದು ಕೇಳಿ, ಅರ್ಥಪೂರ್ಣ ಅಂಕಿಗಳ ಪಾಠವನ್ನು ಅಲ್ಲೇ ಮುಗಿಸಿದರು. ಕಾರ್ಬನ್-12ರ 12 ಗ್ರಾಂ ಎಂಬ ಹಳೆಯ ವ್ಯಾಖ್ಯೆಯ ಜಾಗದಲ್ಲಿ 2019ರ ಮೇ 20ರಿಂದ 6.02214076×10²³ ಎಂಬ ನಿಶ್ಚಿತ ಸಂಖ್ಯೆಯೇ ಮೋಲ್‌ನ ವ್ಯಾಖ್ಯೆಯಾಗಿದೆ ಎಂಬುದನ್ನೂ ಹೇಳಿದರು. ಬಹಳಷ್ಟು ಗೈಡುಗಳು ಇನ್ನೂ ಹಳೆಯದನ್ನೇ ಅಚ್ಚು ಹಾಕುತ್ತಿವೆ.

ಶೇಕಡಾ ಸಂಯೋಜನೆಗೆ ಅವರು ಆರಿಸಿಕೊಂಡ ಉದಾಹರಣೆ ನಮ್ಮ ಸೀಮೆಯದೇ. ಚಿತ್ರದುರ್ಗದ ಹತ್ತಿರದ ಇಂಗಳದಾಳಿನ ತಾಮ್ರದ ಗಣಿಯ ಹೆಸರನ್ನು ಮಕ್ಕಳು ಕೇಳಿರುತ್ತಾರೆ. ಅಲ್ಲಿನ ಅದಿರಿನಲ್ಲಿರುವ ಚಾಲ್ಕೋಪೈರೈಟ್ ಖನಿಜದ ಸೂತ್ರ CuFeS₂, ಮೋಲಾರ್ ದ್ರವ್ಯರಾಶಿ ಸುಮಾರು 183.5 ಗ್ರಾಂ, ಅದರಲ್ಲಿ ತಾಮ್ರ ಶೇ. 34.6. ಹಾಗಾದರೆ ಗಣಿಯಿಂದ ತೆಗೆದ ನೂರು ಕಿಲೋ ಕಲ್ಲಿನಲ್ಲಿ ಮೂವತ್ತನಾಲ್ಕು ಕಿಲೋ ತಾಮ್ರ ಸಿಗುತ್ತದೆಯೇ ಎಂಬ ಪ್ರಶ್ನೆ ತಾನಾಗಿಯೇ ಹುಟ್ಟಿತು. ಅದಿರೆಂದರೆ ಬಹುಪಾಲು ಬೇರೆ ಕಲ್ಲು, ಖನಿಜ ಅದರೊಳಗೆ ಅಲ್ಪಸ್ವಲ್ಪ ಎಂಬ ಉತ್ತರದಿಂದ ಶುದ್ಧತೆಯ ಲೆಕ್ಕಗಳಿಗೆ ದಾರಿಯಾಯಿತು.

ಲಿಮಿಟಿಂಗ್ ರಿಯೇಜೆಂಟ್, ಅಂದರೆ ಕ್ರಿಯೆಯಲ್ಲಿ ಮೊದಲು ಮುಗಿದುಹೋಗುವ ವಸ್ತುವಿನ ಪಾಠ ಬಂದಾಗ, ನಿರೀಕ್ಷೆಯಂತೆಯೇ, ಮಂಡಕ್ಕಿ-ಮೆಣಸಿನಕಾಯಿ ಬಂತು. ಒಂದು ಪ್ಲೇಟ್ ಮಂಡಕ್ಕಿಗೆ ಎರಡು ಮೆಣಸಿನಕಾಯಿಯಂತೆ ಕೊಡುತ್ತಾ ಹೋದರೆ ಯಾವುದು ಮೊದಲು ಖಾಲಿಯಾಗುತ್ತದೋ ಅಲ್ಲಿಗೆ ವ್ಯಾಪಾರ ನಿಲ್ಲುತ್ತದೆ. ಹೋಲಿಕೆಯನ್ನು ಅಲ್ಲಿಗೇ ಬಿಡದೆ, ಕ್ರಿಯೆ ನಡೆಯುವುದು ತೂಕದ ಅನುಪಾತದಲ್ಲಲ್ಲ, ಮೋಲ್‌ಗಳ ಅನುಪಾತದಲ್ಲಿ ಎಂಬುದನ್ನು ಅಮೋನಿಯದ ಲೆಕ್ಕದಿಂದ ತೋರಿಸಿದ್ದು ನನಗೆ ಹೆಚ್ಚು ಹಿಡಿಸಿತು. 28 ಗ್ರಾಂ ನೈಟ್ರೋಜನ್ ಮತ್ತು 4 ಗ್ರಾಂ ಹೈಡ್ರೋಜನ್ ಕೊಟ್ಟರೆ, ಒಂದು ಮೋಲ್ ನೈಟ್ರೋಜನ್ನಿಗೆ ಮೂರು ಮೋಲ್ ಹೈಡ್ರೋಜನ್ ಬೇಕಾದ ಕಡೆ ಇರುವುದು ಎರಡೇ. ಆದ್ದರಿಂದ ಹೈಡ್ರೋಜನ್ ಮುಗಿದು 22.67 ಗ್ರಾಂ ಅಮೋನಿಯ ದೊರೆಯುತ್ತದೆ, 9.33 ಗ್ರಾಂ ನೈಟ್ರೋಜನ್ ಉಳಿಯುತ್ತದೆ. ಎರಡನ್ನೂ ಕೂಡಿಸಿ 32 ಗ್ರಾಂ ಬರುತ್ತದೆಯೇ ಎಂದು ತಾಳೆ ನೋಡದ ಉತ್ತರಕ್ಕೆ ಅವರು ಪೂರ್ಣ ಅಂಕ ಕೊಡುವುದಿಲ್ಲ. ಅನಿಲದ ಗಾತ್ರದಲ್ಲಿ 22.4 ಲೀಟರ್ ಮತ್ತು 22.7 ಲೀಟರ್ ಎಂಬ ಎರಡು ಅಂಕಿಗಳ ಗೊಂದಲವೂ ಇಲ್ಲಿ ಬಗೆಹರಿಯಿತು: ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಒತ್ತಡ 1 ಅಟ್ಮಾಸ್ಫಿಯರ್ ಆದರೆ ಮೊದಲನೆಯದು, 1 ಬಾರ್ ಆದರೆ ಎರಡನೆಯದು.

ಆದರೆ ಅಚ್ಚು ಹಾಕಿಸಿ ಹಂಚುವ ನೋಟ್ಸ್ ಈ ಪಾಠದ ಮಟ್ಟಕ್ಕಿಲ್ಲ. ತಾಮ್ರದ ಸರಾಸರಿ ಪರಮಾಣು ರಾಶಿಯನ್ನು ಕಂಡುಹಿಡಿಯಲು ಶೇ. 69.15 ತಾಮ್ರ-63 ಮತ್ತು ಶೇ. 30.85 ತಾಮ್ರ-65 ಎಂದು ಕೊಟ್ಟು, ಉತ್ತರ 63.55 ಎಂದು ಮುದ್ರಿಸಿದ್ದಾರೆ. 63 ಮತ್ತು 65ನ್ನು ಹಾಕಿ ಲೆಕ್ಕ ಮಾಡಿದ ಮಗುವಿಗೆ ಬರುವುದು 63.62. ಅವು ದ್ರವ್ಯರಾಶಿ ಸಂಖ್ಯೆಗಳು, ಅಂದರೆ ಪ್ರೋಟಾನ್-ನ್ಯೂಟ್ರಾನ್‌ಗಳ ಎಣಿಕೆಯಷ್ಟೇ. ಐಸೋಟೋಪುಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ನಿಜವಾದ ರಾಶಿಗಳಾದ 62.93 ಮತ್ತು 64.93ನ್ನು ಹಾಕಿದಾಗ ಮಾತ್ರ 63.55 ಬರುತ್ತದೆ. ಸರಿಯಾಗಿ ಮಾಡಿದ ಮಕ್ಕಳೂ ತಮ್ಮದೇ ತಪ್ಪೆಂದು ಅಳಿಸಿ ಮತ್ತೆ ಬರೆಯುತ್ತಿದ್ದುದನ್ನು ನೋಡಿ ಬೇಸರವಾಯಿತು.

ಪರಮಾಣು ರಚನೆಯನ್ನು ಬೇರೊಬ್ಬ ಉಪನ್ಯಾಸಕರು ತೆಗೆದುಕೊಳ್ಳುತ್ತಾರೆ, ಅಲ್ಲಿ ಓಟವೇ ಓಟ. 1897ರಲ್ಲಿ ಥಾಮ್ಸನ್, 1911ರಲ್ಲಿ ರುದರ್‌ಫೋರ್ಡ್, 1913ರಲ್ಲಿ ಬೋರ್, 1932ರಲ್ಲಿ ಚಾಡ್ವಿಕ್ ಎಂಬ ವಿಜ್ಞಾನಿಗಳ ಪಟ್ಟಿ ಬೋರ್ಡಿನ ಮೇಲೆ ಬಂದು ಹೋಯಿತೇ ಹೊರತು, ಒಂದು ಮಾದರಿ ಯಾವ ಪ್ರಯೋಗದ ಮುಂದೆ ಸೋತಿತು, ಮುಂದಿನದು ಯಾಕೆ ಬೇಕಾಯಿತು ಎಂಬ ಕಥೆ ಬರಲಿಲ್ಲ. ಬೋರ್ ಮಾದರಿಯಲ್ಲಿ ಹೈಡ್ರೋಜನ್ನಿನ ಎಲೆಕ್ಟ್ರಾನ್ ಮೂರನೆಯ ಮಟ್ಟದಿಂದ ಎರಡನೆಯದಕ್ಕೆ ಇಳಿದರೆ 1.89 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಹೊರಬಂದು 656 ನ್ಯಾನೋಮೀಟರಿನ ಕೆಂಪು ಬೆಳಕಿನ ಗೆರೆ ಕಾಣುತ್ತದೆ ಎಂಬ ಲೆಕ್ಕವನ್ನು ಚೆನ್ನಾಗಿಯೇ ಮಾಡಿಸಿದರು. ಆದರೆ ಗೆರೆ ಎಂದರೇನು ಎಂಬುದನ್ನು ಮಕ್ಕಳು ನೋಡಲೇ ಇಲ್ಲ. ಹಳೆಯ ಸಿ.ಡಿ.ಯೊಂದನ್ನು ಓರೆಯಾಗಿ ಹಿಡಿದು ಸಿಎಫ್‌ಎಲ್ ದೀಪದ ಪ್ರತಿಫಲನವನ್ನು ನೋಡಿದರೆ ಬಣ್ಣಗಳು ಬಿಡಿಬಿಡಿಯಾಗಿ ಕಾಣುತ್ತವೆ. ತಂತಿ ತೂಗಲು ಸಮಯವಿದ್ದ ಸಂಸ್ಥೆಗೆ ಇದು ಹೊರೆಯೇನಲ್ಲ.

ಎಲೆಕ್ಟ್ರಾನ್ ವಿನ್ಯಾಸದಲ್ಲಿ, ಅಂದರೆ ಯಾವ ಶಕ್ತಿಮಟ್ಟದಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ ಎಂಬುದನ್ನು ಬರೆಯುವಾಗ, 29 ಎಲೆಕ್ಟ್ರಾನುಗಳ ತಾಮ್ರಕ್ಕೆ ಕೊನೆಯಲ್ಲಿ 3d⁹4s² ಬದಲು 3d¹⁰4s¹ ಏಕೆ ಎಂದು ಹುಡುಗಿಯೊಬ್ಬಳು ಕೇಳಿದಾಗ ಸಿಕ್ಕಿದ್ದು ‘ಅದು ಅಪವಾದ, ನೆನಪಿಟ್ಟುಕೊಳ್ಳಮ್ಮ’ ಎಂಬ ಉತ್ತರ. ಅಲ್ಲಿ 3d ಮತ್ತು 4s ಶಕ್ತಿಮಟ್ಟಗಳು ಬಹಳ ಹತ್ತಿರವಿರುವುದರಿಂದ ಪೂರ್ಣ ತುಂಬಿದ 3d ಇರುವ ಜೋಡಣೆಗೇ ಒಟ್ಟು ಶಕ್ತಿ ಕಡಿಮೆ ಎಂಬಷ್ಟನ್ನಾದರೂ ಹೇಳಬಹುದಿತ್ತು.

ಉಳಿದಂತೆ, ಹರಿಹರ, ಜಗಳೂರು ಕಡೆಯಿಂದ ಬರುವವರಿಗೆ ಬಸ್ಸಿನ ವೇಳೆಗೆ ಹೊಂದುವ ಬ್ಯಾಚ್ ಇದೆ, ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದು, ಕೊಠಡಿ ಮಧ್ಯಾಹ್ನ ಕಾದ ಹೆಂಚಿನಂತಾಗುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಲೆಕ್ಕದ ತರಗತಿಯಲ್ಲಿ ಎರಡೂ ಭಾಷೆಗಳಲ್ಲಿ ವಿವರಣೆ ಸಿಗುತ್ತದೆ, ಇನ್ನೊಂದರಲ್ಲಿ ಕೇಳಿದರೆ ಮಾತ್ರ. ವಾರದ ಟೆಸ್ಟಿನಲ್ಲಿ ಸಿಇಟಿಯಂತೆಯೇ 80 ನಿಮಿಷಕ್ಕೆ 60 ಪ್ರಶ್ನೆ ಕೊಟ್ಟು, ಕ್ಯಾಲ್ಕುಲೇಟರ್ ಇಲ್ಲದೆ ಮಾಡಿಸುತ್ತಾರೆ. ಆರಂಭದ ವಾರಗಳಿಗೆ ಇದು ಅತಿಯಾಯಿತು ಎನ್ನುವುದು ನನ್ನ ಅಭಿಪ್ರಾಯ. ಲೆಕ್ಕದಲ್ಲಿ ಹಿಂದಿರುವ ಮಗುವನ್ನು ಧಾರಾಳವಾಗಿ ಸೇರಿಸಬಹುದು. ಎರಡನೆಯ ಅಧ್ಯಾಯಕ್ಕಾಗಿಯೇ ಸೇರಿಸುವವರು ಹಣ ಕಟ್ಟುವ ಮೊದಲು ಆ ಉಪನ್ಯಾಸಕರ ಒಂದು ಪೂರ್ತಿ ತರಗತಿಯಲ್ಲಿ ಕುಳಿತು ನೋಡಲಿ. ಕಚೇರಿಯಲ್ಲಿ ಕೇಳಿದರೆ ಅದಕ್ಕೆ ಅಡ್ಡಿ ಮಾಡುವುದಿಲ್ಲ.