ಗ್ಯಾರೇಜ್ ಸೀಲಿಂಗ್‌ಗೆ ಸೆಲ್ಯುಲೋಸ್ ತುಂಬಿಸಿ ಮೂರು ಚಳಿಗಾಲ ಆಯ್ತು

ನಮ್ಮ ಮನೆ ಇರೋದು ಅಮೆರಿಕದ ಮಿನ್ನಿಯಾಪೊಲಿಸ್ ಹೊರವಲಯದಲ್ಲಿ. ಕೆಳಗೆ ಎರಡು ಕಾರಿನ ಗ್ಯಾರೇಜ್, ಅದರ ಮೇಲೆ ಮಗಳ ಕೋಣೆ. ಜನವರಿಯಲ್ಲಿ ಥರ್ಮೋಸ್ಟಾಟ್ 21 ಡಿಗ್ರಿ ತೋರಿಸುತ್ತಿದ್ದರೂ ಆ ಕೋಣೆಯ ನೆಲಕ್ಕೆ ಕಾಲಿಟ್ಟರೆ ಜುಮ್ಮೆನ್ನುತ್ತಿತ್ತು. ಹಾಸನದಿಂದ ಬಂದಿದ್ದ ಅಮ್ಮ ಎರಡು ಜೊತೆ ಕಾಲುಚೀಲ ಹಾಕಿಕೊಂಡು, "ಹಲಗೆ ಕೆಳಗೆ ಗಾಳಿ ಆಡ್ತಿದೆ ಕಣೋ" ಅಂದರು. ನಾನು ನಕ್ಕಿದ್ದೆ.

ಆಮೇಲೆ ಗ್ಯಾರೇಜ್ ಸೀಲಿಂಗಿನ ಡ್ರೈವಾಲ್‌ನಲ್ಲಿ, ಅಂದರೆ ಜಿಪ್ಸಮ್ ಹಲಗೆಯಲ್ಲಿ, ಒಂದು ತೂತು ಕೊರೆದು ಇಣುಕಿದೆ. ತೊಲೆಗಳ ಆಳ 9¼ ಇಂಚು. ಚಳಿ ತಡೆಯಲು ಮನೆ ಕಟ್ಟಿದವರು ಹಾಕಿದ್ದ ಆರ್-19 ಫೈಬರ್‌ಗ್ಲಾಸ್ (ಗಾಜಿನ ನಾರಿನ ಹೊದಿಕೆ, ಆರ್ ಅನ್ನೋದು ಬಿಸಿ ಸೋರದಂತೆ ತಡೆಯೋ ಶಕ್ತಿಯ ಅಳತೆ) ದಪ್ಪ 6¼ ಇಂಚು. ಅದು ಡ್ರೈವಾಲ್ ಮೇಲೆ ಮಲಗಿತ್ತು, ಮೇಲಿನ ನೆಲಕ್ಕೂ ಅದಕ್ಕೂ ಮೂರು ಇಂಚು ಖಾಲಿ. ತೊಲೆಗಳ ತುದಿಗೆ ಅಡ್ಡಲಾಗಿರೋ ಹಲಗೆಯ (ರಿಮ್ ಜಾಯಿಸ್ಟ್) ಸಂದಿಯಿಂದ ಬಂದ ಚಳಿಗಾಳಿ ಆ ಖಾಲಿ ಜಾಗದಲ್ಲಿ ಆರಾಮಾಗಿ ಓಡಾಡುತ್ತಿತ್ತು. ಕಂಬಳಿ ಇತ್ತು, ಆದರೆ ಮೈಮೇಲಲ್ಲ, ಮಂಚದ ಕೆಳಗೆ. ಅಮ್ಮ ಹೇಳಿದ್ದೇ ಸರಿ.

ಸ್ಪ್ರೇ ಫೋಮ್‌ಗೆ, ಅಂದರೆ ಸಿಂಪಡಿಸಿದ ಮೇಲೆ ಉಬ್ಬಿ ಗಟ್ಟಿಯಾಗೋ ನೊರೆಗೆ, 4,600 ಡಾಲರ್ ಕೇಳಿದರು, ಸೀಲಿಂಗ್ ಪೂರ್ತಿ ಕಿತ್ತು ಹಾಕಬೇಕಿತ್ತು. ಡೆನ್ಸ್ ಪ್ಯಾಕ್ (ಒತ್ತೊತ್ತಾಗಿ ತುಂಬೋ) ಸೆಲ್ಯುಲೋಸ್‌ಗೆ 1,900. 2023ರ ಅಕ್ಟೋಬರ್‌ನಲ್ಲಿ ಅದನ್ನೇ ಮಾಡಿಸಿದೆ. ಸೆಲ್ಯುಲೋಸ್ ಅಂದರೆ ಹಳೇ ನ್ಯೂಸ್‌ಪೇಪರ್ ಪುಡಿ, ಬೆಂಕಿ ಬೇಗ ಹಿಡಿಯದಿರಲಿ ಅಂತ ಬೋರೇಟ್ ಬೆರೆಸಿರುತ್ತಾರೆ. ಪ್ರತಿ ಎರಡು ತೊಲೆಗಳ ನಡುವೆ ತೂತು ಕೊರೆದು, ಹಳೇ ಫೈಬರ್‌ಗ್ಲಾಸ್ ಮೇಲೆ ಪೈಪ್ ತೂರಿಸಿ, ಮೋಟಾರ್ ಹಚ್ಚಿ ಒತ್ತಿ ತುಂಬಿದರು. ಸಂಜೆ ಕಾರಿನ ಬಾನೆಟ್ ಮೇಲೆ ಬೂದು ಧೂಳು, ಅದರಲ್ಲಿ ಅರ್ಧ ಅಕ್ಷರ ಉಳಿದಿದ್ದ ಕಾಗದದ ಚೂರುಗಳು! ಒಂದು ಮಾತು, ಎಷ್ಟು ಚೀಲ ಖರ್ಚಾಯ್ತು ಅಂತ ಎಣಿಸಿಕೊಳ್ಳಿ. ಘನ ಅಡಿಗೆ ಸುಮಾರು 3.5 ಪೌಂಡ್ ಹೋಗದಿದ್ದರೆ ಮುಂದೆ ಕುಸಿಯುತ್ತದೆ. ನಮಗೆ 28 ಚೀಲ ಹೋಯ್ತು.

ತೂತು ಮುಚ್ಚೋ ಕೆಲಸ ಮಾತ್ರ ಕೊಟೇಶನ್‌ನಲ್ಲಿ ಇರಲಿಲ್ಲ. ವಾಸದ ಕೋಣೆಯ ಕೆಳಗಿನ ಗ್ಯಾರೇಜ್ ಸೀಲಿಂಗ್‌ಗೆ 5/8 ಇಂಚಿನ ಟೈಪ್ ಎಕ್ಸ್ ಡ್ರೈವಾಲ್ ಇರಬೇಕು, ಅದು ಬೆಂಕಿ ತಡೆಯೋ ಪದರ. ಸುಮ್ನೆ ಪ್ಲಾಸ್ಟಿಕ್ ಬಿರಡೆ ಜಡಿದರೆ ಆಗಲ್ಲ. ಡ್ರೈವಾಲ್ ತುಂಡು, ಟೇಪು, ಕಾಂಪೌಂಡ್ ಹಿಡಿದು ನಾನೇ ಎರಡು ವೀಕೆಂಡ್ ಕತ್ತು ಎತ್ತಿ ನಿಂತೆ. ಆ ಕತ್ತು ನೋವಿನ ಬಿಲ್ ಯಾರಿಗೂ ಕಳಿಸಲಾಗಲಿಲ್ಲ.

ಮೊದಲ ಚಳಿಗಾಲದಲ್ಲಿ ಹೊರಗೆ ಮೈನಸ್ 25 ಇದ್ದ ದಿನ ಗೆಳೆಯನ ಥರ್ಮಲ್ ಕ್ಯಾಮೆರಾ ತಂದು ನೋಡಿದೆ. ನೆಲವೆಲ್ಲ ಹಳದಿ, ಅಂದರೆ ಬೆಚ್ಚಗೆ, ಡಕ್ಟ್ (ಬಿಸಿಗಾಳಿ ಕೊಳವೆ) ಪಕ್ಕ ಮಾತ್ರ ಉದ್ದಕ್ಕೆ ತಣ್ಣಗಿನ ನೇರಳೆ ಪಟ್ಟಿ. ಒಂದು ಸಾಲು ತುಂಬೋದನ್ನೇ ಮರೆತಿದ್ದರು! ಮೂರು ಸಲ ಫೋನ್ ಮಾಡಿದ ಮೇಲೆ, ಚಳಿ ಹೆಚ್ಚು ಕಡಿಮೆ ಮುಗಿದಾಗ, ಮಾರ್ಚ್‌ನಲ್ಲಿ ಬಂದು ತುಂಬಿದರು. ದುಡ್ಡು ಕೇಳಲಿಲ್ಲ, ಅಷ್ಟು ಒಳ್ಳೇದು.

ಅಲ್ಲಿಂದ ಇವತ್ತಿನವರೆಗೆ ದೂರಿಲ್ಲ. ಮೊದಲು 12 ಡಿಗ್ರಿ ಇರುತ್ತಿದ್ದ ನೆಲ ಈಗ 18, 19. ಪ್ರತಿ ಜನವರಿ ಕ್ಯಾಮೆರಾ ಹಿಡಿಯುತ್ತೇನೆ, ಎಲ್ಲೂ ಕುಸಿದಿಲ್ಲ. ಗ್ಯಾರೇಜ್ ಬಾಗಿಲಿನ ಗರಗರ ಸದ್ದು ಅರ್ಧಕ್ಕರ್ಧ ಇಳಿದಿದೆ, ಕೋಣೆಗೆ ಪೆಟ್ರೋಲ್ ವಾಸನೆ ಬರುತ್ತಿಲ್ಲ. ಕಾರಿನ ಹೊಗೆಯಲ್ಲಿರೋ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಬಂದರೆ ಕೂಗೋ ಅಲಾರಂ ಮಾತ್ರ ತೆಗೆದಿಲ್ಲ, ನೀವೂ ತೆಗೀಬೇಡಿ. ಗ್ಯಾಸ್ ಬಿಲ್‌ನಲ್ಲಿ ಜಾಸ್ತಿ ಉಳಿತಾಯ ಕಾಣಲಿಲ್ಲ, ಒಂದು ಕೋಣೆ ತಾನೇ. ಆಗ ತೆರಿಗೆಯಲ್ಲಿ ಸಾಮಾನಿನ ಖರ್ಚಿನ 30% ವಾಪಸ್ ಸಿಕ್ಕಿತ್ತು, ಕೂಲಿಗೆ ಇರಲಿಲ್ಲ. ಆ ಸೌಲಭ್ಯ 2025ರ ಡಿಸೆಂಬರ್ 31ಕ್ಕೆ ಮುಗಿಯಿತು.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳಿರಲಿಲ್ಲ. ಇಷ್ಟು ವರ್ಷ ಮೇಲಿಂದ ಸೋರುತ್ತಿದ್ದ ಬಿಸಿಯಲ್ಲೇ ಗ್ಯಾರೇಜ್ ಬೆಚ್ಚಗಿತ್ತು. ಈಗ ಅದು ನಿಜವಾಗಿ ಕೊರೆಯುತ್ತದೆ. ಮೊದಲ ಡಿಸೆಂಬರ್‌ನಲ್ಲೇ ಕಪಾಟಿನಲ್ಲಿದ್ದ ಸೋಡಾ ಕ್ಯಾನ್‌ಗಳು ಹೆಪ್ಪುಗಟ್ಟಿ ಒಡೆದು, ಪಕ್ಕದಲ್ಲಿದ್ದ ಸೋನಾ ಮಸೂರಿ ಚೀಲದ ಮೇಲೆಲ್ಲ ಅಂಟು ಅಂಟು.