ಐಫೋನ್ 17 ಬರುವ ಮೊದಲೇ ಮುಂಗಡ ಕೊಟ್ಟೆ: ಡೊಂಬಿವಲಿಯ ಪುಟ್ಟ ಅಂಗಡಿಯೊಂದರ ಬಗ್ಗೆ

ಇದು 2025ರ ಸೆಪ್ಟೆಂಬರ್‌ನಲ್ಲಿ, ಫೋನ್ ಅಂಗಡಿಗೆ ಬರುವ ಮೊದಲು ಬರೆದದ್ದು. ಸೆಪ್ಟೆಂಬರ್ 9ಕ್ಕೆ ಘೋಷಣೆಯಾದ ಐಫೋನ್ 17, 19ನೇ ತಾರೀಕು ಶುಕ್ರವಾರ ಅಂಗಡಿಗಳಿಗೆ ಬರುತ್ತದೆ. ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಫಡ್ಕೆ ರೋಡ್‌ನಿಂದ ಸ್ವಲ್ಪ ಒಳಗಿರುವ ಅಂಗಡಿಯೊಂದರಲ್ಲಿ ನಾನು ಮುಂಗಡ ಕೊಟ್ಟು ಚೀಟಿ ಬರೆಸಿಕೊಂಡು ಬಂದಿದ್ದೇನೆ. ಹೊಸ ಫೋನ್ ಇನ್ನೂ ಮುಟ್ಟಿ ನೋಡಿಲ್ಲ. ಆದರೂ ಮುಂಗಡ ಕೊಡುವಷ್ಟು ಧೈರ್ಯ ಬಂದಿದ್ದು ಆ ಅಂಗಡಿಯಿಂದ. ಅದಕ್ಕೇ ಮೊದಲು ಅಂಗಡಿಯ ಬಗ್ಗೆ ಬರೆಯುತ್ತಿದ್ದೇನೆ.

ನಾನು ಮುಂಬಯಿ ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಟೀಚರ್. ಪ್ರಶ್ನೆಪತ್ರಿಕೆ, ಪಾಲಕರಿಗೆ ಸೂಚನೆ, ಕನ್ನಡ ಸಂಘದ ಮಾಸಿಕಕ್ಕೆ ಲೇಖನ, ಎಲ್ಲವನ್ನೂ ಲೋಕಲ್ ಟ್ರೇನಿನಲ್ಲಿ ಫೋನ್ ಮೇಲೆಯೇ ಬರೆಯುತ್ತೇನೆ. ಸೀಟ್ ಸಿಗದ ದಿನ ನಿಂತುಕೊಂಡೇ. ಹಾಗಾಗಿ ಫೋನ್ ನನಗೆ ಮೊದಲು ಬರೆಯುವ ಸಾಧನ, ಕ್ಯಾಮೆರಾ ಆಮೇಲೆ. ಈಗ ಕೈಯಲ್ಲಿರುವುದು ಅಣ್ಣನ ಮಗ ಕೊಟ್ಟ ಐಫೋನ್ ಎಕ್ಸ್‌ಆರ್, 2018ರ ಮಾಡೆಲ್. 15ನೇ ತಾರೀಕು ಬಿಡುಗಡೆಯಾದ ಐಒಎಸ್ 26 (ಐಫೋನ್ ನಡೆಸುವ ಹೊಸ ತಂತ್ರಾಂಶ) ಅದಕ್ಕೆ ಸಿಗುವುದಿಲ್ಲ. ಬ್ಯಾಟರಿಯೂ ಸೋತಿದೆ. ಬದಲಾಯಿಸಲೇಬೇಕಿತ್ತು.

ಈ ಅಂಗಡಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು. ಅಲ್ಲಿ ಡೆಮೊ ಪೀಸ್ ಹಿಡಿದು ಎಷ್ಟು ಹೊತ್ತು ನಿಂತರೂ ಯಾರೂ ಏನೂ ಅನ್ನುವುದಿಲ್ಲ. ಅಂಗಡಿಯವರು ಕಚ್ಛಿ, ನಮ್ಮ ಮಾತು ಮರಾಠಿಯಲ್ಲಿ. ನಾನು ಹೋದಾಗ ಅವರ ಹತ್ತಿರ 17 ಇರಲಿಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ. 16ರ ಪೀಸ್ ಇತ್ತು. ‘ಕನ್ನಡ ಟೈಪ್ ಮಾಡಿ ನೋಡಬೇಕು’ ಅಂದೆ. ಅವರೇ ಸೆಟ್ಟಿಂಗ್‌ಗೆ ಹೋಗಿ ಕನ್ನಡ ಕೀಲಿಮಣೆ ಸೇರಿಸಿ ಕೈಗೆ ಕೊಟ್ಟರು. ಕನ್ನಡದಲ್ಲಿ ಬರೆಯುವವರೆಲ್ಲ ಈ ಪರೀಕ್ಷೆ ಮಾಡಿ. ಹೊಸ ಮಾಡೆಲ್ ಬರುವ ತನಕ ಕಾಯಬೇಕಿಲ್ಲ, ಯಾಕೆಂದರೆ ಅಕ್ಷರ ಮೂಡಿಸುವುದು ತಂತ್ರಾಂಶ. ಆ ತಂತ್ರಾಂಶ 16ಕ್ಕೂ 17ಕ್ಕೂ ಒಂದೇ.

ನಾನು ಟೈಪ್ ಮಾಡಿದ್ದು ಲಕ್ಷ್ಮಿ, ಜ್ಯೋತ್ಸ್ನಾ, ರಾಷ್ಟ್ರ, ಸೂರ್ಯ, ಕರ್ತೃ. ನಮ್ಮ ಮಕ್ಕಳ ಹಾಜರಿ ಪಟ್ಟಿಯಲ್ಲೂ ಪಾಠದಲ್ಲೂ ದಿನಾ ಬರುವಂಥವು. ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತಕ್ಷರ ಬಂದಾಗ ಅದು ಕೆಳಗಿನ ಸಾಲಿಗೆ ತಾಗುತ್ತದಾ, ಅರ್ಕಾವತ್ತು ಸರಿಯಾದ ಜಾಗದಲ್ಲಿ ಕೂರುತ್ತದಾ, ಅಕ್ಷರ ದೊಡ್ಡದು ಮಾಡಿದರೆ ತುದಿ ಕತ್ತರಿಸಿ ಹೋಗುತ್ತದಾ, ಇಷ್ಟು ನೋಡಬೇಕು. ಸಂದೇಶ ಬರೆಯುವ ಜಾಗದಲ್ಲಿ ಎಲ್ಲವೂ ಸ್ಪಷ್ಟವಾಗಿ ಬಂದವು. ಅಕ್ಷರವನ್ನು ತೀರಾ ದೊಡ್ಡದು ಮಾಡಿದಾಗ ಕೆಲವು ಬಟನ್‌ಗಳ ಒಳಗೆ ಕೆಳಗಿನ ಒತ್ತು ಸ್ವಲ್ಪ ಮರೆಯಾಯಿತು. ನನ್ನ ಅತ್ತೆಯಂಥವರಿಗೆ ಇದು ತೊಂದರೆಯೇ. ಆಪಲ್ ಇದನ್ನು ಸರಿಪಡಿಸಬೇಕು.

2025ರ ಮಾರ್ಚ್ 31ಕ್ಕೆ ಬಂದ ಐಒಎಸ್ 18.4ರಲ್ಲಿ ಕನ್ನಡ ಸೇರಿ ಹತ್ತು ಭಾಷೆಗಳು ಫೋನಿನ ಭಾಷೆಗಳ ಪಟ್ಟಿಗೆ ಸೇರಿದವು. ಅದಕ್ಕೆ ಮೊದಲು ಐಫೋನಿನಲ್ಲಿ ಕನ್ನಡ ಟೈಪ್ ಮಾಡಬಹುದಿತ್ತು, ಆದರೆ ಮೆನು ಕನ್ನಡದಲ್ಲಿ ಇರಲಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ಇದು ವರ್ಷಗಳ ಹಿಂದೆಯೇ ಇತ್ತು. ತಡವಾಗಿ ಬಂದರೂ ಬಂತಲ್ಲ ಎಂದು ನನಗೆ ನಿಜಕ್ಕೂ ಖುಷಿ. ಆದರೆ ಆಪಲ್ ಇಂಟೆಲಿಜೆನ್ಸ್ ಎಂದು ಇಷ್ಟು ಜೋರಾಗಿ ಹೇಳಿಕೊಳ್ಳುವ ಕೃತಕ ಬುದ್ಧಿಮತ್ತೆಯ ಸೌಲಭ್ಯಕ್ಕೆ ಇನ್ನೂ ಕನ್ನಡ ಬರುವುದಿಲ್ಲ. ಕನ್ನಡದಲ್ಲಿ ಕೆಲಸ ಮಾಡುವವರು ಅದನ್ನು ನೋಡಿ ದುಡ್ಡು ಕೊಡಬೇಡಿ.

ಕೀಲಿಮಣೆ ವಿಷಯ ಇನ್ನೊಂದಿದೆ. ನಾನು ಕಂಪ್ಯೂಟರಿನಲ್ಲಿ ಕಲಿತದ್ದು ನುಡಿ ತಂತ್ರಾಂಶದಲ್ಲಿರುವ ಕೆ. ಪಿ. ರಾವ್ ಕೀಲಿಮಣೆ ವಿನ್ಯಾಸ. ರಾವ್ ಅವರು ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಮುಂಬಯಿ ಕನ್ನಡಿಗರು ಇದನ್ನು ಹೆಮ್ಮೆಯಿಂದ ನೆನೆಯಬೇಕು. ಐಫೋನ್ ತಾನಾಗಿ ತೋರಿಸುವ ಕನ್ನಡ ಕೀಲಿಮಣೆ ಬೇರೆ ರೀತಿಯದು. ಬೆರಳಿಗೆ ರೂಢಿಯಾಗಲು ಸಮಯ ಬೇಕು. ಅಂಗಡಿಯಲ್ಲೇ ನಿಂತು ಒಂದು ಪ್ಯಾರಾ ಟೈಪ್ ಮಾಡಿದರೆ ನಿಮಗೆ ಒಗ್ಗುತ್ತದಾ ಇಲ್ಲವಾ ಗೊತ್ತಾಗುತ್ತದೆ.

ಇನ್ನು ಬೆಲೆ. 17ರ ಬಿಡುಗಡೆ ಬೆಲೆ (2025) 82,900 ರೂಪಾಯಿ. 2024ರಲ್ಲಿ 16 ಬಂದಾಗ 79,900 ಇತ್ತು, ಆದರೆ ಅದು 128 ಜಿಬಿ. 256 ಜಿಬಿ ಬೇಕೆಂದರೆ ಆಗ 89,900. ಈ ಸಲ ಶುರುವೇ 256ರಿಂದ. ಅಂದರೆ ಅಷ್ಟೇ ಜಾಗಕ್ಕೆ 7,000 ಕಡಿಮೆ. ಪರದೆ 6.3 ಇಂಚು, 120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಸಲದವರೆಗೆ ಚಿತ್ರ ಬದಲಾಗುತ್ತದೆ. ಹಿಂದೆ ಇದಕ್ಕೆ ಪ್ರೊ ಮಾಡೆಲ್ ಕೊಳ್ಳಬೇಕಿತ್ತು. ತೂಕ 177 ಗ್ರಾಂ, ನನ್ನ ಎಕ್ಸ್‌ಆರ್ 194. ಒಂದು ಕೈಯಲ್ಲಿ ಟ್ರೇನಿನ ಹಿಡಿ, ಇನ್ನೊಂದರಲ್ಲಿ ಫೋನ್ ಹಿಡಿದು ಕಲ್ಯಾಣ್ ಕಡೆಗೆ ಹೋಗುವವರಿಗೆ ಆ 17 ಗ್ರಾಂ ಕೂಡ ಲೆಕ್ಕಕ್ಕೆ ಬರುತ್ತದೆ. ಕ್ಯಾಮೆರಾ ಬಗ್ಗೆ ಬೇರೆಯವರು ಬೇಕಾದಷ್ಟು ಬರೆಯುತ್ತಾರೆ.

ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳುತ್ತಿರುವುದು, ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಯುತ್ತದೆ, ಆಮೇಲೆ ತಗೊಳ್ಳಿ ಎಂದು. ದೊಡ್ಡ ಟಿವಿ, ಎಸಿಗೆ ಅದು ನಿಜ, ಶೇಕಡಾ 28ರಿಂದ 18ಕ್ಕೆ ಬರುತ್ತದೆ. ಮೊಬೈಲ್ 2020ರಿಂದ 18ರಲ್ಲೇ ಇದೆ, ಅಲ್ಲೇ ಇರುತ್ತದೆ. ಇದನ್ನು ನನಗೆ ಮೊದಲು ಹೇಳಿದವರೂ ಅಂಗಡಿಯವರೇ. ‘ತೆರಿಗೆಗಾಗಿ ಕಾಯಬೇಡಿ, ಪಿತೃಪಕ್ಷಕ್ಕಾಗಿ ಕಾಯುವುದಾದರೆ ಕಾಯಿರಿ’ ಅಂದರು. ಈ ಸಲ ಬಿಡುಗಡೆ ಸರಿಯಾಗಿ ಪಿತೃಪಕ್ಷದಲ್ಲಿ ಬಂದಿದೆ. 21ಕ್ಕೆ ಮಹಾಲಯ ಅಮಾವಾಸ್ಯೆ, 22ಕ್ಕೆ ನವರಾತ್ರಿ ಶುರು. ನಮ್ಮ ಮನೆಯಲ್ಲೂ ಈ ದಿನಗಳಲ್ಲಿ ಹೊಸ ವಸ್ತು ತರುವುದಿಲ್ಲ. ಹೀಗೆ ಹೇಳುವ ಗಿರಾಕಿಗಳ ಫೋನನ್ನು ಅವರು 22ರ ತನಕ ಎತ್ತಿಡುತ್ತಾರೆ, ಅದಕ್ಕೆ ಜಾಸ್ತಿ ದುಡ್ಡು ಕೇಳುವುದಿಲ್ಲ. ಅತ್ತೆಗೆ ಈ ಮಾತು ಕೇಳಿ ಸಮಾಧಾನವಾಯಿತು.

ಇನ್ನು ದುಬೈ ಫೋನಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ತುಳು, ಕನ್ನಡ ಮನೆಗಳಲ್ಲಿ ಕೊಲ್ಲಿಯಲ್ಲಿ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ. ‘ಅಲ್ಲಿಂದ ತರಿಸಿದರೆ ಅಗ್ಗ’ ಎಂಬುದು ಬಾಯಿಪಾಠ ಆಗಿಬಿಟ್ಟಿದೆ. ಈ ಸಲ ನಿಲ್ಲಿ. ದುಬೈಯಲ್ಲಿ 17ರ ಬಿಡುಗಡೆ ಬೆಲೆ 3,399 ದಿರ್ಹಾಂ. 2025ರ ಸೆಪ್ಟೆಂಬರ್‌ನ ದರದಂತೆ ದಿರ್ಹಾಂಗೆ ಸುಮಾರು 24 ರೂಪಾಯಿ ಹಿಡಿದರೆ 81,500ರ ಆಸುಪಾಸು. ಉಳಿಯುವುದು ಎಷ್ಟು? ಅದಕ್ಕಿಂತ ದೊಡ್ಡ ವಿಷಯ ಸಿಮ್. ಅಮೆರಿಕದ ಐಫೋನ್‌ಗಳಲ್ಲಿ 2022ರ ಐಫೋನ್ 14ರಿಂದಲೇ ಸಿಮ್ ಹಾಕುವ ಜಾಗ ಇಲ್ಲ, ಬರೀ ಇ-ಸಿಮ್ (ಫೋನಿನೊಳಗೇ ಇರುವ, ಕೈಯಿಂದ ತೆಗೆಯಲಾಗದ ಸಿಮ್). 2025ರಲ್ಲಿ ಯುಎಇ, ಸೌದಿ, ಕತಾರ್, ಕುವೈತ್, ಒಮಾನ್, ಬಹ್ರೇನ್ ಮಾಡೆಲ್‌ಗಳೂ ಹಾಗೇ ಆಗಿವೆ. ಭಾರತದ 17ರಲ್ಲಿ ಒಂದು ಸಿಮ್ ಹಾಕಬಹುದು, ಜೊತೆಗೆ ಇ-ಸಿಮ್ ಕೂಡ ಇದೆ. ಫೋನ್ ಕೆಟ್ಟ ದಿನ ಸಿಮ್ ತೆಗೆದು ಹಳೆಯ ಫೋನಿಗೆ ಹಾಕಿ ಬ್ಯಾಂಕಿನ ಓಟಿಪಿ ತಗೊಳ್ಳುವುದು ನಮಗೆಲ್ಲ ಅಭ್ಯಾಸ. ಬರೀ ಇ-ಸಿಮ್ ಇದ್ದರೆ ಅದು ಅಷ್ಟು ಸುಲಭವಲ್ಲ. ಮುಂಬಯಿಯ ಹೀರಾ ಪನ್ನಾ, ಮನೀಷ್ ಮಾರ್ಕೆಟ್ ಕಡೆ ‘ಬಿಲ್ ಇಲ್ಲದೆ ಕಡಿಮೆಗೆ’ ಎಂದು ಯಾರಾದರೂ ಕರೆದರೆ ಮೊದಲು ಫೋನಿನ ಪಕ್ಕದಲ್ಲಿ ಸಿಮ್ ಟ್ರೇ ಇದೆಯಾ ನೋಡಿ. *#06# ಒತ್ತಿ ಐಎಂಇಐ ನಂಬರ್ (ಪ್ರತಿ ಫೋನಿನ ಗುರುತಿನ ಸಂಖ್ಯೆ) ತಗೊಂಡು, ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಹಾಕಿ ಪರೀಕ್ಷಿಸಿ. ಹಾಗೆ ನೋಡಿದರೆ ಈ ಫೋನ್ ದೂರದಿಂದ ಬರಬೇಕಾಗಿಯೂ ಇಲ್ಲ. ನಮ್ಮ ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ 17ರ ಜೋಡಣೆ ಶುರುವಾಗಿದೆ ಎಂದು ಆಗಸ್ಟ್‌ನಲ್ಲೇ ಪತ್ರಿಕೆಗಳಲ್ಲಿ ಬಂದಿತ್ತು.

ಬೇರೆ ಕಡೆಯೂ ವಿಚಾರಿಸಿದ್ದೆ. ಠಾಣೆಯ ಒಂದು ದೊಡ್ಡ ಅಂಗಡಿಯಲ್ಲಿ, ಮೊದಲ ವಾರವೇ ಬೇಕಾದರೆ ಕವರ್, ಗ್ಲಾಸ್, ವಿಮೆ ಮೂರನ್ನೂ ಸೇರಿಸಿ ಕೊಳ್ಳಬೇಕು ಎಂದರು. ಬರೀ ಫೋನ್ ಕೊಡಿ ಎಂದರೆ ಸ್ಟಾಕ್ ಇಲ್ಲ. ಇದು ಸರಿಯಲ್ಲ. ಬೇಕಾದವರು ವಿಮೆ ಮಾಡಿಸುತ್ತಾರೆ, ಒತ್ತಾಯ ಯಾಕೆ? ನಮ್ಮ ಡೊಂಬಿವಲಿಯವರು ಕೇಳಿದ್ದು ಬರೀ ಮುಂಗಡ. ಚೀಟಿಯಲ್ಲಿ ಮಾಡೆಲ್, ಬಣ್ಣ, ಜಿಬಿ, ಒಟ್ಟು ಬೆಲೆ, ಬೇಡವೆಂದರೆ ಮುಂಗಡ ವಾಪಸ್ ಎಂಬ ಸಾಲು, ಎಲ್ಲ ಕೈಬರಹದಲ್ಲಿದೆ, ಕೆಳಗೆ ಸಹಿ ಮತ್ತು ಮುದ್ರೆ. ನಾನು ಕೇಳಿದ ಸೇಜ್ ಬಣ್ಣ ಮೊದಲ ದಿನವೇ ಬರುವ ಭರವಸೆ ಇಲ್ಲ ಎಂದೂ ಮುಖಕ್ಕೆ ಹೇಳಿದರು. ಹೀಗೆ ಇದ್ದದ್ದು ಇದ್ದಹಾಗೆ ಹೇಳುವ ಅಂಗಡಿ ನನಗೆ ಬೇಕು.

ಕೊರತೆಗಳಿಲ್ಲದಿಲ್ಲ. ಅಂಗಡಿ ತೀರಾ ಇಕ್ಕಟ್ಟು, ವಯಸ್ಸಾದವರಿಗೆ ಕೂರಲು ಒಂದು ಸ್ಟೂಲ್ ಕೂಡ ಇಲ್ಲ. ಹಳೆಯ ಫೋನಿಗೆ ಕೊಡುವ ಬೆಲೆ ತುಂಬಾ ಕಡಿಮೆ. ನನ್ನ ಎಕ್ಸ್‌ಆರ್ ಕೊಡದೆ ಇಟ್ಟುಕೊಂಡಿದ್ದೇನೆ, ಶಾಲೆಯ ಮಕ್ಕಳ ಕಥೆ ರೆಕಾರ್ಡ್ ಮಾಡಲು ಸಾಕು. 15ರಿಂದ ಐಫೋನ್‌ಗಳಿಗೆ ಟೈಪ್-ಸಿ ಬಂದಿದೆ, ಪೆಟ್ಟಿಗೆಯಲ್ಲಿ ಚಾರ್ಜರ್ ಇರುವುದಿಲ್ಲ. ಹಳೆಯ ಮಾಡೆಲ್‌ನಿಂದ ಬರುವವರಿಗೆ ಇದನ್ನು ಅವರೇ ಮೊದಲು ಹೇಳಬೇಕಿತ್ತು, ನಾನು ಕೇಳಿದ ಮೇಲೆ ಹೇಳಿದರು.

ಹೋಗುವುದಾದರೆ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಹೋಗಿ. ಸಂಜೆ ಏಳರ ಮೇಲೆ ಲೋಕಲ್ ಇಳಿದವರೆಲ್ಲ ಅಲ್ಲೇ ಸೇರುತ್ತಾರೆ, ಆಗ ನಿಂತು ಒಂದು ಪ್ಯಾರಾ ಕನ್ನಡ ಟೈಪ್ ಮಾಡಲು ಜಾಗವೇ ಸಿಗುವುದಿಲ್ಲ.