ಅಚ್ಚು ಹಾಕಿಸಿದ ಮನವಿ, ಕೈಬರಹದ ಪತ್ರ: ಒಂದು ಕಾಲುಸಂಕಕ್ಕಾಗಿ ಎರಡು ಪ್ರಯತ್ನ

ನಮ್ಮೂರಿನ ಹಳ್ಳಕ್ಕೆ ಅಡಿಕೆ ಮರದ ಕಾಂಡಗಳನ್ನು ಜೋಡಿಸಿ ಕಟ್ಟಿದ ಕಾಲುಸಂಕದ ಬದಲು ಕಾಂಕ್ರೀಟಿನದೊಂದು ಬೇಕೆಂದು ಶಾಸಕರನ್ನು ಎರಡು ವರ್ಷ, ಎರಡು ಬಗೆಯಲ್ಲಿ ಕೇಳಿದೆವು.

ಮೊದಲ ವರ್ಷ ಮನವಿಯನ್ನು ಅಚ್ಚು ಹಾಕಿಸಿ, ಮನೆಮನೆ ತಿರುಗಿ 312 ಸಹಿ ಸಂಗ್ರಹಿಸಿ, ಗುಂಪಾಗಿ ಹೋಗಿ ಕೊಟ್ಟೆವು. ಮೂರು ತಿಂಗಳ ಬಳಿಕ, ಅನುದಾನದ ಲಭ್ಯತೆ ನೋಡಿಕೊಂಡು ಪರಿಶೀಲಿಸಲಾಗುವುದು ಎಂಬ ಒಂದು ಸಾಲಿನ ಹಿಂಬರಹ ಬಂತು. ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ’ ಎಂದಷ್ಟೇ ನಾವು ಬರೆದಿದ್ದರಿಂದ, ಅಂಥ ಉತ್ತರಕ್ಕೆ ನಾವೇ ಆಸ್ಪದ ಕೊಟ್ಟಂತಾಗಿತ್ತು.

ಮರುವರ್ಷ ಹನ್ನೊಂದು ಮನೆಯವರು ತಮ್ಮ ತಮ್ಮ ಮಾತಿನಲ್ಲಿ ಪತ್ರ ಬರೆದರು. ಅವುಗಳಲ್ಲಿ ಒಂದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಐದನೇ ತರಗತಿಯ ಹುಡುಗಿಯ ತಾಯಿಯೊಬ್ಬರು, ಹಳ್ಳ ತುಂಬಿ ಮಗಳನ್ನು ಶಾಲೆಗೆ ಕಳುಹಿಸಲಾಗದ ಒಂಬತ್ತು ದಿನಗಳ ತಾರೀಖುಗಳನ್ನು ರೂಲು ಹಾಳೆಯಲ್ಲಿ ಒಂದರ ಕೆಳಗೊಂದರಂತೆ ಬರೆದು, ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿಂದ ಈ ಕೆಲಸ ಮಾಡಿಸಲು ಅಂದಾಜು ಪಟ್ಟಿ ತಯಾರಿಸುವಂತೆ ಎಂಜಿನಿಯರರಿಗೆ ಸೂಚಿಸಬೇಕೆಂಬ ಒಂದೇ ಬೇಡಿಕೆ ಇಟ್ಟಿದ್ದರು. ವರ್ಷಕ್ಕೆ 2 ಕೋಟಿ ರೂಪಾಯಿಯ ಆ ನಿಧಿಯಲ್ಲಿ ಕಾಮಗಾರಿಗಳನ್ನು ಶಿಫಾರಸು ಮಾಡುವವರು ಶಾಸಕರೇ ಆದ್ದರಿಂದ, ಕೇಳಿದ್ದು ಅವರ ಕೈಯಲ್ಲೇ ಇದ್ದ ಕೆಲಸ. ಹದಿನೈದು ದಿನದೊಳಗೆ ಆಪ್ತ ಸಹಾಯಕರು ಆಕೆಗೆ ಫೋನ್ ಮಾಡಿ, ನೀರು ಎಷ್ಟೆತ್ತರಕ್ಕೆ ಏರುತ್ತದೆಂದು ವಿಚಾರಿಸಿದರು. ಆಮೇಲೆ ಬಂದ ಎಂಜಿನಿಯರರ ಕೈಯಲ್ಲಿ ಅದೇ ಹಾಳೆಯಿತ್ತು. ಅಂಚಿನಲ್ಲಿ ಶಾಸಕರ ಷರಾ ಇತ್ತು.

ಆದರೂ ಸಹಿ ಸಂಗ್ರಹ ವ್ಯರ್ಥವಾಯಿತೆಂದು ನಾನು ಹೇಳಲಾರೆ. ಈ ಸಂಕವನ್ನು ಎಷ್ಟು ಜನ ಬಳಸುತ್ತಾರೆಂದು ಎಂಜಿನಿಯರರು ಕೇಳಿದಾಗ ನಾವು ಕೊಟ್ಟದ್ದು ಹಳೆಯ ಮನವಿಯ ಪ್ರತಿಯನ್ನೇ.

ದೊಡ್ಡ ಮಟ್ಟದಲ್ಲೂ ಹೀಗೆಯೇ ನಡೆದದ್ದುಂಟು. ಎಲ್ಲ ಜಾಲತಾಣಗಳನ್ನೂ ಭೇದವಿಲ್ಲದೆ ಒದಗಿಸಬೇಕೆಂಬ ಅಂತರ್ಜಾಲ ಸಮಾನತೆಯ (ನೆಟ್ ನ್ಯೂಟ್ರಾಲಿಟಿ) ಪರವಾಗಿ 2015ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. ಬಹುಪಾಲು ಸಿದ್ಧ ಒಕ್ಕಣೆಯವೇ ಆಗಿದ್ದರೂ ವಿಷಯ ಲೋಕಸಭೆಯವರೆಗೆ ಮುಟ್ಟಿತು. ಅದೇ ವರ್ಷದ ಕೊನೆಗೆ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್, ಅಂದರೆ ಆಯ್ದ ಕೆಲವೇ ಜಾಲತಾಣಗಳನ್ನು ಉಚಿತವಾಗಿ ಕೊಡುವ ಯೋಜನೆಯ ಪರವಾಗಿ ಬಂದ ಸಿದ್ಧ ಒಕ್ಕಣೆಯ ಲಕ್ಷಗಟ್ಟಲೆ ಇಮೇಲ್‌ಗಳಾದರೋ ಪ್ರಾಧಿಕಾರ ಕೇಳಿದ್ದ ಪ್ರಶ್ನೆಗಳಿಗೆ ಉತ್ತರಿಸಿರಲಿಲ್ಲ. 2016ರ ಫೆಬ್ರುವರಿ 8ರಂದು ಜಾಲತಾಣಕ್ಕೊಂದು ದರ ಎಂಬಂಥ ತಾರತಮ್ಯದ ಡೇಟಾ ದರಗಳು ನಿಷೇಧವಾಗಿ, ಆ ಯೋಜನೆಗೂ ಅವಕಾಶವಿಲ್ಲದಾಯಿತು. ಸಂಖ್ಯೆ ವಿಷಯವನ್ನು ಚರ್ಚೆಗೆ ತರಬಲ್ಲದು, ಆದರೆ ಸಂಖ್ಯೆಯೊಂದರಿಂದಲೇ ತೀರ್ಮಾನ ಹೊರಡುವುದಿಲ್ಲ. ಆದ್ದರಿಂದ ಒಂದನ್ನೇ ಆರಿಸಬೇಕಾದಲ್ಲಿ ನಾನು ಪತ್ರವನ್ನೇ ಆರಿಸುತ್ತೇನೆ, ಅದೂ ಬರೆಯುವವರ ಸ್ವಂತ ಮಾತಿನಲ್ಲಿದ್ದರೆ ಮಾತ್ರ. ಹನ್ನೊಂದು ಮನೆಗೂ ನಾನೇ ಕುಳಿತು ಬರೆದುಕೊಟ್ಟಿದ್ದರೆ ಅವು ಮತ್ತೆ ಅಚ್ಚಿನ ಮನವಿಯೇ ಆಗುತ್ತಿದ್ದವು.

ಅಂದಾಜು ಪಟ್ಟಿ ಈಗ ಮಂಜೂರಾತಿಗೆ ಹೋಗಿದೆ. ಈ ಮಳೆಗಾಲದಲ್ಲಿ ಹಳ್ಳ ತುಂಬಿದ ದಿನಗಳನ್ನು ಹನ್ನೊಂದು ಮನೆಯವರೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತಿದ್ದಾರೆ.